ರೋಗದ ಕೋಶಕ್ಕೊಂದು ಜೋಡಿ ಬೇಕು

ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ತೆಳ್ಳಗೆ ನಿಂತ ಗುಲಾಬಿ ಬಣ್ಣದ ದ್ರವ. ಮೈಬಿಸಿಯಷ್ಟೇ, ಅಂದರೆ 37 ಡಿಗ್ರಿ ಸೆಲ್ಸಿಯಸ್ ಶಾಖದ ಪೆಟ್ಟಿಗೆಯಿಂದ ಅದನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ನಡು ಉಬ್ಬಿ ತುದಿ ಚೂಪಾದ ಸಾವಿರಾರು ಜೀವಕೋಶಗಳು ತಳಕ್ಕೆ ಅಂಟಿಕೊಂಡಿರುವುದು ಕಾಣುತ್ತದೆ. ದ್ರವ ಹಳದಿಗೆ ತಿರುಗಿದ್ದರೆ ಅದರಲ್ಲಿ ಆಮ್ಲ ಸೇರಿದೆ, ಕೋಶಗಳಿಗೆ ಹೊಸ ಆಹಾರ ಹಾಕಬೇಕು ಎಂದು ಲ್ಯಾಬಿನವರಿಗೆ ಗೊತ್ತಾಗುತ್ತದೆ. ದ್ರವದಲ್ಲಿನ ಸೀರಮ್ ಎಂಬ ಪೋಷಕವನ್ನು ಬೇಕೆಂದೇ ಕಡಿಮೆ ಮಾಡಿದರೆ ಕೋಶಗಳು ಒಡೆದು ಎರಡಾಗುವುದನ್ನು ನಿಲ್ಲಿಸುತ್ತವೆ. ಸಾಲಾಗಿ ನಿಂತು, ಒಂದಕ್ಕೊಂದು ಬೆಸೆದುಕೊಂಡು, ಕೆಲವೇ ದಿನಗಳಲ್ಲಿ ಹಲವು ಕೋಶಕೇಂದ್ರಗಳಿರುವ ಉದ್ದನೆಯ ಎಳೆಗಳಾಗುತ್ತವೆ. ಗರ್ಭದಲ್ಲಿ ಸ್ನಾಯು ರೂಪುಗೊಳ್ಳುವುದೂ ಹೆಚ್ಚುಕಡಿಮೆ ಹೀಗೆಯೇ. ಪಕ್ಕದಲ್ಲಿ ಇಂಥದೇ ಇನ್ನೊಂದು ತಟ್ಟೆಯಿದೆ. ಎರಡರಲ್ಲೂ ಇರುವುದು ಒಬ್ಬನೇ ಮನುಷ್ಯನ ಸ್ನಾಯುಕೋಶಗಳು. ಆದರೆ ಒಂದರಲ್ಲಿ ಕಾಯಿಲೆಯಿದೆ, ಇನ್ನೊಂದರಲ್ಲಿ ಇಲ್ಲ.

ಇದು ಕಲ್ಪನೆಯಲ್ಲ. ಆನುವಂಶಿಕ ಸ್ನಾಯುಕ್ಷಯಗಳಲ್ಲಿ ಒಂದಾದ ಎಫ್‌ಎಸ್‌ಎಚ್‌ಡಿ ಎಂಬ ಕಾಯಿಲೆಯ ಸಂಶೋಧಕರು ಇಂಥ ಜೋಡಿ ಕೋಶಗಳನ್ನು 2012ರಿಂದ ಬಳಸುತ್ತಿದ್ದಾರೆ. ಪ್ರಯೋಗಾಲಯದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಮುಂದುವರಿಸಿಕೊಂಡು ಬಂದ ಇಂಥ ಕೋಶಗಳ ಸಂತತಿಗೆ ಸೆಲ್ ಲೈನ್ ಎಂದು ಹೆಸರು. ಮನೆಯಲ್ಲಿ ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವ ಹಾಗೆ, ಹಳೆಯ ತಟ್ಟೆಯ ಒಂದಿಷ್ಟು ಕೋಶಗಳನ್ನು ಹೊಸ ತಟ್ಟೆಗೆ ಹಾಕಿ ಸಂತತಿಯನ್ನು ಉಳಿಸಿಕೊಳ್ಳುತ್ತಾರೆ. ರೋಗಿಯ ಕೋಶ ತಟ್ಟೆಯಲ್ಲಿ ಬೆಳೆಯಿತು ಎಂದರೆ ರೋಗವೇ ಕೈಗೆ ಸಿಕ್ಕಂತೆ ಎಂಬ ಧಾಟಿಯಲ್ಲಿ ಸುದ್ದಿಗಳು ಬರುವುದುಂಟು. ಅದು ಅರ್ಧಸತ್ಯ. ರೋಗಿಯ ಕೋಶವನ್ನು ಒಂಟಿಯಾಗಿ ನೋಡಿದರೆ ತಿಳಿಯುವುದು ತೀರಾ ಕಡಿಮೆ. ಅದರ ಪಕ್ಕದಲ್ಲಿ ಏನನ್ನು ಇಟ್ಟು ಹೋಲಿಸುತ್ತೇವೆ ಎಂಬುದರ ಮೇಲೆ ಸೆಲ್ ಲೈನಿನ ಬೆಲೆ ನಿಂತಿದೆ. ಈ ಕಾಯಿಲೆಯ ಸಂಶೋಧನೆಯಲ್ಲಿ ಬಂದ ಬೆಳಕು, ಈಚೆಗೆ ಆದ ದೊಡ್ಡ ನಿರಾಸೆ, ಎರಡನ್ನೂ ಅರ್ಥ ಮಾಡಿಕೊಳ್ಳಲು ಇದೇ ದಾರಿ.

ನಗು ಮೂಡದ ಮುಖ, ಮೇಲೇಳದ ತೋಳು

ಎಫ್‌ಎಸ್‌ಎಚ್‌ಡಿ ಎಂಬುದು ಫೇಸಿಯೋಸ್ಕ್ಯಾಪುಲೋಹ್ಯೂಮರಲ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಉದ್ದನೆಯ ಹೆಸರಿನ ಚುಟುಕು ರೂಪ. ಮುಖ, ಹೆಗಲ ಹಿಂದಿನ ಮೂಳೆಯ ಸುತ್ತ, ರಟ್ಟೆ, ಈ ಮೂರು ಕಡೆಯ ಸ್ನಾಯುಗಳು ಮೊದಲು ಸೊರಗುತ್ತವೆ. ಸಾಮಾನ್ಯವಾಗಿ ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಶಿಳ್ಳೆ ಹಾಕಲು ಆಗದು, ಸ್ಟ್ರಾದಲ್ಲಿ ಎಳನೀರು ಹೀರಲು ಕಷ್ಟ, ನಿದ್ದೆಯಲ್ಲೂ ಕಣ್ಣು ಪೂರ್ತಿ ಮುಚ್ಚದು. ಅಟ್ಟದ ಮೇಲಿನ ಡಬ್ಬಿಗೆ ಕೈ ಎತ್ತಿದರೆ ಹೆಗಲ ಮೂಳೆ ಬೆನ್ನಿನಿಂದ ಹೊರಚಾಚುತ್ತದೆ, ತೋಳು ಮಾತ್ರ ಮೇಲೇಳುವುದಿಲ್ಲ. ಎಷ್ಟೋ ಮಂದಿಯ ಮುಖ ನೋಡಿ ನೆಂಟರಿಷ್ಟರು ‘ಇವನು ಮಹಾ ಗಂಭೀರ’ ಎಂದುಕೊಂಡಿರುತ್ತಾರೆ. ನಿಜಕ್ಕೆ ನಗಲು ಬೇಕಾದ ಸ್ನಾಯುವೇ ದುರ್ಬಲವಾಗಿರುತ್ತದೆ. ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಿಮೆ ಸೊರಗುವುದು ಈ ಕಾಯಿಲೆಯ ವಿಚಿತ್ರ ಗುಣ. ಕಾಲಿಗೂ ಸೊಂಟಕ್ಕೂ ಇಳಿದಾಗ ಸುಮಾರು ಐದರಲ್ಲಿ ಒಬ್ಬರಿಗೆ ಗಾಲಿಕುರ್ಚಿ ಬೇಕಾಗುತ್ತದೆ. ಉಳಿದವರಲ್ಲಿ ಕೆಲವರು ಜೀವನಪೂರ್ತಿ ತಮಗೊಂದು ಕಾಯಿಲೆಯಿದೆ ಎಂಬುದನ್ನೇ ಅರಿಯದೆ ಬಾಳುತ್ತಾರೆ. ಬೇರೆ ಬೇರೆ ಲೆಕ್ಕಗಳ ಪ್ರಕಾರ 8,000ದಿಂದ 20,000 ಜನರಲ್ಲಿ ಒಬ್ಬರಿಗೆ ಇದು ಇದೆ. ಫ್ರಾನ್ಸಿನ ಲಾಂಡೂಜಿ ಮತ್ತು ಡೆಜೆರಿನ್ ಎಂಬ ವೈದ್ಯರು ಇದನ್ನು ವಿವರಿಸಿದ್ದು 1880ರ ದಶಕದಲ್ಲಿ. ಇಷ್ಟು ವರ್ಷವಾದರೂ ಕಾಯಿಲೆಯ ಮುನ್ನಡೆ ತಡೆಯುತ್ತದೆಂದು ಮಂಜೂರಾದ ಒಂದು ಔಷಧವೂ ಇಲ್ಲ.

ನಮ್ಮ ಕಡೆ ಆನುವಂಶಿಕ ಕಾಯಿಲೆ ಎಂದ ಕೂಡಲೇ ‘ಸೋದರಮಾವನ ಮಗಳನ್ನು ತಂದರಲ್ಲ, ಅದಕ್ಕೇ’ ಎನ್ನುವ ಮಾತು ಬರುತ್ತದೆ. ಅನೇಕ ಕಾಯಿಲೆಗಳಲ್ಲಿ ರಕ್ತಸಂಬಂಧದ ಮದುವೆ ಅಪಾಯವನ್ನು ಹೆಚ್ಚಿಸುವುದು ನಿಜ. ಇಲ್ಲಿ ಆ ಮಾತು ಸಲ್ಲದು. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದ ಒಂದೇ ದೋಷಪೂರಿತ ಪ್ರತಿ ಸಾಕು. ಪ್ರತಿ ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ಇನ್ನು ಕೆಲವರಲ್ಲಿ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ದೋಷ ಹೊಸದಾಗಿ ಹುಟ್ಟಿಕೊಂಡಿರುತ್ತದೆ. ಈ ಹೊಸದಾಗಿ ಹುಟ್ಟುವ ಬಗೆಯೇ ಮುಂದೆ ಸಂಶೋಧಕರಿಗೆ ವರವಾಯಿತು.

ಮಲಗಿರಬೇಕಾದ ಜೀನ್ ಎದ್ದಾಗ

ನಮ್ಮ ನಾಲ್ಕನೇ ವರ್ಣತಂತುವಿನ ಒಂದು ತುದಿಯಲ್ಲಿ ಸುಮಾರು 3,300 ಅಕ್ಷರಗಳ ಒಂದು ಡಿಎನ್‌ಎ ತುಣುಕು ಮತ್ತೆ ಮತ್ತೆ ಬರುತ್ತದೆ. ಡಿ4ಝಡ್4 ಎಂದು ಅದರ ಹೆಸರು. ಆರೋಗ್ಯವಂತರಲ್ಲಿ ಇದು ಹತ್ತಕ್ಕಿಂತ ಹೆಚ್ಚು, ಕೆಲವರಲ್ಲಿ ನೂರು ಸಲ ಕೂಡ ಸಾಲಾಗಿ ಇರುತ್ತದೆ. ಎಫ್‌ಎಸ್‌ಎಚ್‌ಡಿ ಇರುವ ಬಹುಪಾಲು ಮಂದಿಯಲ್ಲಿ ಈ ಸಾಲಿನಲ್ಲಿ ಒಂದರಿಂದ ಹತ್ತು ತುಣುಕುಗಳಷ್ಟೇ ಉಳಿದಿರುತ್ತವೆ. ನೆದರ್ಲೆಂಡ್ಸ್‌ನ ಲೈಡನ್ ನಗರದ ಸಂಶೋಧಕರು ಇದನ್ನು 1990ರ ದಶಕದ ಆರಂಭದಲ್ಲೇ ಕಂಡುಕೊಂಡಿದ್ದರು. ಆದರೆ ತುಣುಕು ಕಡಿಮೆಯಾದರೆ ಸ್ನಾಯು ಯಾಕೆ ಸೊರಗಬೇಕು? ಇಡೀ ಸಾಲೇ ಕಳೆದುಹೋದವರಿಗೆ ಈ ಕಾಯಿಲೆ ಬರುವುದಿಲ್ಲ ಎಂಬುದು ಒಗಟನ್ನು ಇನ್ನಷ್ಟು ಬಿಗಿ ಮಾಡಿತು. ಏನೋ ಕಳೆದುಹೋಗಿ ಬಂದ ರೋಗವಲ್ಲ ಇದು, ಉಳಿದುಕೊಂಡದ್ದೇ ತೊಂದರೆ ಕೊಡುತ್ತಿದೆ ಎಂಬ ಸುಳಿವು ಅದರಲ್ಲಿತ್ತು.

ಪ್ರತಿ ತುಣುಕಿನೊಳಗೂ ಡಕ್ಸ್‌4 ಎಂಬ ಒಂದು ಜೀನ್ ಅಡಗಿದೆ. ಬೆಲ್ಜಿಯಂನ ಸಂಶೋಧಕರು 1999ರಲ್ಲಿ ಅದನ್ನು ಗುರುತಿಸಿದಾಗ ಅದು ಕೆಲಸಕ್ಕೆ ಬಾರದ ಜೀನ್ ಎಂದು ಹಲವರು ತಳ್ಳಿಹಾಕಿದ್ದರು. ಸಾಲು ಉದ್ದವಾಗಿದ್ದರೆ ಕೋಶ ಆ ಜಾಗವನ್ನು ಬಿಗಿಯಾಗಿ ಸುತ್ತಿ, ಜೀನ್ ಕೆಲಸ ಮಾಡದಂತೆ ನೋಡಿಕೊಳ್ಳುತ್ತದೆ. ಸಾಲು ಚಿಕ್ಕದಾದಾಗ ಆ ಬಿಗಿ ಸಡಿಲವಾಗುತ್ತದೆ. ಹಾಗೆಂದು ಸಡಿಲವಾದರೆ ಸಾಕೆ? ಸಾಲದು. ಸಾಲಿನ ಕೊನೆಯಲ್ಲಿ ಡಕ್ಸ್‌4 ಸಂದೇಶವನ್ನು ಕೆಡದಂತೆ ಕಾಯುವ ಒಂದು ಗುರುತು ಇರಬೇಕು; ವರ್ಣತಂತುವಿನ ತುದಿಯ ಎರಡು ಬಗೆಗಳಲ್ಲಿ ‘ಎ’ ಬಗೆಯಲ್ಲಿ ಮಾತ್ರ ಅದಿದೆ. ಹತ್ತನೇ ವರ್ಣತಂತುವಿನಲ್ಲೂ ಇಂಥದೇ ಸಾಲಿದ್ದರೂ ಅಲ್ಲಿ ಈ ಗುರುತಿಲ್ಲದ್ದರಿಂದ ಅದು ಚಿಕ್ಕದಾದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಲೈಡನ್‌ನ ಸಿಲ್ವೆರ್ ವಾನ್ ಡೆರ್ ಮಾರೆಲ್, ಅಮೆರಿಕದ ಸ್ಟೀಫನ್ ಟ್ಯಾಪ್‌ಸ್ಕಾಟ್, ರಬಿ ತವಿಲ್ ಮೊದಲಾದವರ ಗುಂಪು 2010ರಲ್ಲಿ ಈ ಎಳೆಗಳನ್ನೆಲ್ಲ ಒಂದುಗೂಡಿಸಿತು. ಈ ಡಕ್ಸ್‌4 ನಿಷ್ಪ್ರಯೋಜಕವಲ್ಲ ಎಂಬುದೂ ಮುಂದೆ, 2017ರಲ್ಲಿ, ತಿಳಿದುಬಂತು. ಭ್ರೂಣ ಇನ್ನೂ ನಾಲ್ಕು ಕೋಶಗಳ ಆಸುಪಾಸಿನಲ್ಲಿದ್ದಾಗ ಅದು ಕ್ಷಣಕಾಲ ಎದ್ದು, ಬೇರೆ ಜೀನ್‌ಗಳನ್ನು ಚುರುಕುಗೊಳಿಸಿ ಮತ್ತೆ ಮಲಗುತ್ತದೆ. ಬೆಳೆದ ಸ್ನಾಯುವಿನಲ್ಲಿ ಎದ್ದರೆ ಭ್ರೂಣಕ್ಕೆ ಸಲ್ಲುವ ನೂರಾರು ಜೀನ್‌ಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ಎಬ್ಬಿಸುತ್ತದೆ. ಆ ಕೋಶ ಸಾಯುತ್ತದೆ.

ಇಲಿ ಯಾಕೆ ಸಾಲದು

ಕಾಯಿಲೆಗಳ ಅಧ್ಯಯನಕ್ಕೆ ಇಲಿ ಇದೆಯಲ್ಲ, ಮನುಷ್ಯರ ಸ್ನಾಯುವನ್ನು ಯಾಕೆ ಕೆರೆಯಬೇಕು ಎಂಬುದು ಸಹಜ ಪ್ರಶ್ನೆ. ಡುಶೆನ್ ಸ್ನಾಯುಕ್ಷಯದಲ್ಲಿ ಇಲಿಯಿಂದ ಬಹಳ ಉಪಕಾರವಾಗಿದೆ. ಡಿಸ್ಟ್ರೋಫಿನ್ ಎಂಬ ಅದೇ ಪ್ರೋಟೀನು ಇಲಿಯಲ್ಲೂ ಇದೆ, ಅದು ಇಲ್ಲವಾದಾಗ ಏನಾಗುತ್ತದೆ ಎಂದು ನೋಡಬಹುದು. ಎಫ್‌ಎಸ್‌ಎಚ್‌ಡಿ ವಿಷಯ ಬೇರೆ. ಡಕ್ಸ್‌4 ಇರುವ ಡಿ4ಝಡ್4 ಸಾಲು ಮನುಷ್ಯನೂ ಸೇರಿದಂತೆ ವಾನರವರ್ಗದ ಪ್ರಾಣಿಗಳ ಸೊತ್ತು. ಇಲಿಯಲ್ಲಿ ಅದರ ದೂರದ ದಾಯಾದಿ ಜೀನ್ ಒಂದಿದ್ದರೂ ಅದು ಎಬ್ಬಿಸುವ ಜೀನ್‌ಗಳ ಪಟ್ಟಿ ಪೂರ್ತಿ ಹೊಂದುವುದಿಲ್ಲ. ಮನುಷ್ಯನ ಡಕ್ಸ್‌4 ಅನ್ನು ಇಲಿಗೆ ಸೇರಿಸಿಯೂ ನೋಡಿದ್ದಾರೆ. ಎಷ್ಟು ಪ್ರಮಾಣದಲ್ಲಿ, ಯಾವಾಗ ಎಬ್ಬಿಸಬೇಕು ಎಂಬುದನ್ನು ಅಲ್ಲಿ ಸಂಶೋಧಕರೇ ನಿಗದಿ ಮಾಡಬೇಕಾಗುತ್ತದೆ. ಔಷಧ ಆ ಪ್ರೋಟೀನಿನ ಹಾನಿಯನ್ನು ತಡೆಯುತ್ತದೆಯೇ ಎಂದು ನೋಡಲು ಅಂಥ ಇಲಿ ಉಪಯುಕ್ತ. ಆದರೆ ಜೀನ್ ತಾನಾಗಿ ಯಾಕೆ ಏಳುತ್ತದೆ ಎಂಬ ಪ್ರಶ್ನೆಗೆ, ನಾವೇ ಎಬ್ಬಿಸಿದ ಇಲಿ ಏನೆಂದು ಉತ್ತರಿಸೀತು?

1977ರಲ್ಲಿ ಬೇರ್ಪಡಿಸಿದ ಕೋಶಗಳಿಂದ ಬಂದು ಜಗತ್ತಿನ ಸ್ನಾಯು ಪ್ರಯೋಗಾಲಯಗಳಲ್ಲೆಲ್ಲ ಹರಡಿದ ಇಲಿಯ ಸ್ನಾಯುಕೋಶಗಳ ಸಿ2ಸಿ12 ಸಂತತಿಯ ಮಿತಿಯೂ ಇದೇ. ಅದರೊಳಗೆ ಡಕ್ಸ್‌4 ಅನ್ನು ಧಾರಾಳವಾಗಿ ತುಂಬಿದರೆ ಕೋಶಗಳು ಸಾಯುವುದನ್ನು ಕಾಣಬಹುದು. ರೋಗಿಯ ಸ್ನಾಯುವಿನಲ್ಲಿ ನಡೆಯುವುದು ಅದಲ್ಲ. ಅಲ್ಲಿಂದ ತೆಗೆದು ಬೆಳೆಸಿದ ಕೋಶಗಳಲ್ಲಿ ಸಾವಿರಕ್ಕೆ ಒಂದರಲ್ಲಿ ಮಾತ್ರ, ಅದೂ ಆಗೊಮ್ಮೆ ಈಗೊಮ್ಮೆ, ಡಕ್ಸ್‌4 ದಿಢೀರನೆ ಹೆಚ್ಚುತ್ತದೆ, ಉಳಿದವು ಸುಮ್ಮನಿರುತ್ತವೆ. ಇಷ್ಟು ವಿರಳವಾದ ಘಟನೆಯನ್ನು ಹಿಡಿಯಲು ಮನುಷ್ಯರದೇ ಕೋಶ ಬೇಕು, ಅದೂ ಅಪಾರ ಸಂಖ್ಯೆಯಲ್ಲಿ, ವರ್ಷಗಟ್ಟಲೆ ಬೇಕು.

ಕೋಶಕ್ಕೆ ದೀರ್ಘಾಯುಸ್ಸು, ಅದರ ಬೆಲೆ

ಇಲ್ಲೇ ತೊಡಕು. ಸೂಜಿಯಿಂದಲೋ ಸಣ್ಣ ಗಾಯ ಮಾಡಿಯೋ ಸ್ನಾಯುವಿನ ಚೂರು ತೆಗೆದು, ಅದರಲ್ಲಿನ ಉಪಗ್ರಹ ಕೋಶಗಳನ್ನು, ಅಂದರೆ ಸ್ನಾಯು ರಿಪೇರಿಗೆಂದೇ ಮೀಸಲಿರುವ ಕೋಶಗಳನ್ನು ಬೇರ್ಪಡಿಸಿ ಬೆಳೆಸಬಹುದು. ಆದರೆ ಮನುಷ್ಯರ ಸಾಮಾನ್ಯ ಕೋಶಗಳು ಅನಂತವಾಗಿ ಒಡೆಯುವುದಿಲ್ಲ. ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದ ಹಾಗೆ ಸುಮಾರು 50 ವಿಭಜನೆಗಳ ಬಳಿಕ ಅವು ನಿಂತುಬಿಡುತ್ತವೆ. ಪ್ರತಿ ವಿಭಜನೆಯಲ್ಲೂ ವರ್ಣತಂತುವಿನ ತುದಿಯ ಟೆಲೊಮಿಯರ್ ಎಂಬ ಭಾಗ ಸವೆಯುವುದು ಅದಕ್ಕೊಂದು ಕಾರಣ. ಸ್ನಾಯುಕ್ಷಯ ಇರುವವರ ಕೋಶಗಳು ಮೈಯಲ್ಲೇ ರಿಪೇರಿ ಮಾಡಿ ಮಾಡಿ ದಣಿದಿರಬಹುದಾದ್ದರಿಂದ ತಟ್ಟೆಯಲ್ಲಿ ಇನ್ನೂ ಬೇಗ ಕೈಕೊಡುತ್ತವೆ. ಒಂದು ಪ್ರಯೋಗ ಮುಗಿಯುವಷ್ಟರಲ್ಲಿ ಸರಕು ಖಾಲಿ. ಮುಂದಿನದಕ್ಕೆ ಇನ್ನೊಬ್ಬ ರೋಗಿಯ ಕೋಶ. ಹೀಗಾದರೆ ಹಿಂದಿನ ಫಲಿತಾಂಶವನ್ನು ಇಂದಿನದರ ಜೊತೆ ಇಟ್ಟು ನೋಡುವುದು ಹೇಗೆ?

ಪ್ಯಾರಿಸ್ ಮತ್ತು ಡಲ್ಲಾಸ್‌ನ ಸಂಶೋಧಕರು 2007ರಲ್ಲಿ ಇದಕ್ಕೆ ಒಂದು ಪರಿಹಾರ ಪ್ರಕಟಿಸಿದರು. ಸ್ನಾಯುಕೋಶಕ್ಕೆ ಎರಡು ಜೀನ್‌ಗಳನ್ನು ಸೇರಿಸುವುದು ಆ ಉಪಾಯ. ಒಂದು, ಸವೆದ ತುದಿಯನ್ನು ಮತ್ತೆ ಕಟ್ಟುವ ಟೆಲೊಮರೇಸ್. ಇನ್ನೊಂದು, ತಟ್ಟೆಯ ಒತ್ತಡಕ್ಕೆ ಕೋಶ ತಾನಾಗಿ ವಿಭಜನೆ ನಿಲ್ಲಿಸುವುದನ್ನು ತಪ್ಪಿಸುವ ಸಿಡಿಕೆ4. ಎರಡೂ ಸೇರಿದಾಗ ಕೋಶ ಮುಪ್ಪಾಗದೆ ಒಡೆಯುತ್ತಲೇ ಇರುತ್ತದೆ. ಮುಖ್ಯವಾದದ್ದು, ಸೀರಮ್ ಕಡಿಮೆ ಮಾಡಿದ ದಿನ ಒಡೆಯುವುದನ್ನು ಬಿಟ್ಟು ಸ್ನಾಯುವಿನ ಎಳೆಯಾಗುವ ಗುಣವನ್ನೂ ಉಳಿಸಿಕೊಳ್ಳುತ್ತದೆ. ಒಮ್ಮೆ ಇಂಥ ಸಂತತಿ ಕೈಗೆ ಬಂದರೆ ಅದನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ಪುಟ್ಟ ಸೀಸೆಗಳಲ್ಲಿ ಹೆಪ್ಪುಗಟ್ಟಿಸಿ ಜಗತ್ತಿನ ಯಾವ ಲ್ಯಾಬಿಗಾದರೂ ಕಳಿಸಬಹುದು.

ಆಕ್ಷೇಪ ಬರುವುದು ಇಲ್ಲಿ. ಸಾವಿಲ್ಲದ ಕೋಶ ಸಹಜ ಕೋಶವೇ? ಅದು ಹೇಳುವುದನ್ನು ನಂಬಬಹುದೇ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಈ ಬಗೆಯ ಕೋಶಗಳು ಸ್ನಾಯುವಿನ ಲಕ್ಷಣಗಳನ್ನು ಚೆನ್ನಾಗಿಯೇ ಉಳಿಸಿಕೊಳ್ಳುತ್ತವೆ ಎಂದು 2016ರ ಒಂದು ಅಧ್ಯಯನ, ಮೂಲ ಕೋಶಗಳ ಜೊತೆ ಹೋಲಿಸಿ, ತೋರಿಸಿದೆ. ಆದರೆ ಎಫ್‌ಎಸ್‌ಎಚ್‌ಡಿಯಲ್ಲಿ ಆಕ್ಷೇಪಕ್ಕೆ ಇನ್ನೂ ಹರಿತವಾದ ಮೊನೆಯಿದೆ. ಡಕ್ಸ್‌4 ಇರುವ ಜಾಗ ನಾಲ್ಕನೇ ವರ್ಣತಂತುವಿನ ತುದಿ. ಟೆಲೊಮರೇಸ್ ಉದ್ದ ಮಾಡುವುದೂ ಅದೇ ತುದಿಯನ್ನು. ಹಾಗಾದರೆ ಕೋಶವನ್ನು ಉಳಿಸಲು ಮಾಡಿದ ಉಪಾಯವೇ ನೋಡಬೇಕಾದ ಜೀನಿನ ಮೇಲೆ ಕೈಯಾಡಿಸಿತಲ್ಲ? ಅಮೆರಿಕದ ವುಡ್‌ರಿಂಗ್ ರೈಟ್ ಅವರ ಗುಂಪು 2013ರಲ್ಲಿ ಈ ಅನುಮಾನವನ್ನೇ ಪ್ರಶ್ನೆಯಾಗಿ ತೆಗೆದುಕೊಂಡಿತು. ಒಂದೇ ರೋಗಿಯ, ಟೆಲೊಮಿಯರ್ ಉದ್ದ ಮಾತ್ರ ಬೇರೆ ಬೇರೆ ಇರುವ ಕೋಶಸಂತತಿಗಳನ್ನು ಸಿದ್ಧಮಾಡಿ ನೋಡಿದಾಗ, ತುದಿ ಚಿಕ್ಕದಾದಷ್ಟೂ ಡಕ್ಸ್‌4 ಹೆಚ್ಚುವುದು ಕಂಡಿತು. ಹುಟ್ಟಿನಿಂದಲೇ ಇರುವ ದೋಷ ಹದಿಹರೆಯದ ತನಕ ಸುಮ್ಮನಿರುವುದೇಕೆ ಎಂಬುದಕ್ಕೆ ಇದೊಂದು ಒಳ್ಳೆಯ ಸುಳಿವು, ಏಕೆಂದರೆ ವಯಸ್ಸಾದಂತೆ ತುದಿ ಸವೆಯುತ್ತದೆ. ಕೋಶದ ಕೃತಕತೆ ಹೀಗೆ ಅಳೆಯಬಹುದಾದ ಸಂಗತಿಯಾಯಿತು. ಪಕ್ಕದಲ್ಲಿ ಸರಿಯಾದ ಜೋಡಿ ಇಲ್ಲದಿದ್ದರೆ ಅದೇ ಕೃತಕತೆ ಯಾರಿಗೂ ಗೊತ್ತಾಗದೆ ದಾರಿ ತಪ್ಪಿಸುತ್ತಿತ್ತು.

ತಮ್ಮನ ರಟ್ಟೆ, ಅಣ್ಣನ ರಟ್ಟೆ

ಜೋಡಿ ಎಂದರೆ ಯಾವುದು? ರೋಗಿಯ ಕೋಶದ ಪಕ್ಕದಲ್ಲಿ ಯಾರೋ ಒಬ್ಬ ಆರೋಗ್ಯವಂತರ ಕೋಶ ಇಟ್ಟರೆ ಆಯಿತು ಎಂದು ಮೊದಮೊದಲು ಹಾಗೆಯೇ ಮಾಡುತ್ತಿದ್ದರು. ಇಬ್ಬರು ಮನುಷ್ಯರ ನಡುವೆ ಡಿಎನ್‌ಎಯಲ್ಲಿ ಲಕ್ಷಗಟ್ಟಲೆ ವ್ಯತ್ಯಾಸಗಳಿರುತ್ತವೆ. ವಯಸ್ಸು ಬೇರೆ, ಗಂಡು ಹೆಣ್ಣು ಬೇರೆ, ಒಬ್ಬರ ತೊಡೆಯ ಸ್ನಾಯು, ಇನ್ನೊಬ್ಬರ ತೋಳಿನದು. ಕೊನೆಗೆ ಕಂಡ ವ್ಯತ್ಯಾಸ ರೋಗದ್ದೋ ಮನುಷ್ಯರದ್ದೋ ಹೇಳುವುದು ಕಷ್ಟ. ಈ ಕಾಯಿಲೆಯ ಹಳೆಯ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗದೆ ಹೋದದ್ದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಅಮೆರಿಕದ ಬಾಸ್ಟನ್ ಕೇಂದ್ರಿತ ಒಂದು ಗುಂಪು ಈ ಗೊಂದಲ ಕಡಿಮೆ ಮಾಡಲು ಕುಟುಂಬಗಳ ಮೊರೆಹೋಯಿತು. ರೋಗಿಯ ಜೊತೆಗೆ ಅದೇ ಮನೆಯ, ರೋಗವಿಲ್ಲದ ಹತ್ತಿರದ ರಕ್ತಸಂಬಂಧಿಯ ಸ್ನಾಯುವನ್ನೂ ತೆಗೆದುಕೊಂಡರು. ಇಬ್ಬರಲ್ಲೂ ಅದೇ ಎರಡು ಜಾಗದಿಂದ: ಕಾಯಿಲೆ ಬೇಗ ತಟ್ಟುವ ರಟ್ಟೆಯ ಮುಂಭಾಗದ ಸ್ನಾಯು, ಸಾಮಾನ್ಯವಾಗಿ ತಡವಾಗಿ ಸೊರಗುವ ಭುಜದ ಸ್ನಾಯು. 2012ರಲ್ಲಿ ಪ್ರಕಟವಾದ ಈ ಸಂಗ್ರಹ, ಅದನ್ನು ಬಳಸಿ ನಡೆದ ಅಧ್ಯಯನಗಳು ಕೊಟ್ಟ ಉತ್ತರ ಅಚ್ಚರಿಯದು. ಡಕ್ಸ್‌4 ರೋಗಿಗಳಲ್ಲಿ ಹೆಚ್ಚು ಎಂಬುದು ನಿರೀಕ್ಷಿತವೇ. ಆದರೆ ರೋಗವಿಲ್ಲದ ಕೆಲವರ ಕೋಶಗಳಲ್ಲೂ ಅದು ಅಷ್ಟಿಷ್ಟು ಸಿಕ್ಕಿತು. ಅಂದರೆ ‘ಜೀನ್ ಎದ್ದರೆ ರೋಗ, ಮಲಗಿದ್ದರೆ ಆರೋಗ್ಯ’ ಎಂಬ ಸರಳ ಲೆಕ್ಕ ತಪ್ಪು. ಎಷ್ಟು ಎದ್ದಿದೆ, ಎಷ್ಟು ಸಲ ಏಳುತ್ತದೆ, ಅದನ್ನು ತಾಳಿಕೊಳ್ಳುವ ಶಕ್ತಿ ಆ ಮೈಗೆ ಎಷ್ಟಿದೆ, ಇವೆಲ್ಲ ಸೇರಿ ಕಾಯಿಲೆಯ ತೀವ್ರತೆ ನಿರ್ಧಾರವಾಗುತ್ತದೆ. ಒಂದೇ ಮನೆಯಲ್ಲಿ ಅಣ್ಣ ಗಾಲಿಕುರ್ಚಿಯಲ್ಲಿ, ತಮ್ಮ ಹೊಲದ ಕೆಲಸದಲ್ಲಿ ಇರುವುದು ಹೇಗೆ ಎಂಬುದಕ್ಕೆ ಈ ಯೋಚನೆ ಒಂದು ದಾರಿ ತೆರೆಯಿತು. ರೋಗಿಗಳ ಕೋಶಗಳನ್ನಷ್ಟೇ ಎಷ್ಟು ರಾಶಿ ಹಾಕಿದ್ದರೂ ಇದು ಕಾಣುತ್ತಿರಲಿಲ್ಲ.

ಅದೇ ವರ್ಷ ಲೈಡನ್ ಗುಂಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಾಯಿಲೆ ಹೊಸದಾಗಿ ಹುಟ್ಟುವವರಲ್ಲಿ, ಗರ್ಭ ಕಟ್ಟಿದ ಮೊದಲ ದಿನಗಳಲ್ಲಿ ಒಂದು ಕೋಶದಲ್ಲಿ ಮಾತ್ರ ಸಾಲು ತುಂಡಾಗುವುದುಂಟು. ಆ ಕೋಶದ ಸಂತಾನವೆಲ್ಲ ಚಿಕ್ಕ ಸಾಲಿನದು, ಉಳಿದವು ಉದ್ದ ಸಾಲಿನವು. ಒಂದೇ ಮೈಯಲ್ಲಿ ಎರಡೂ ಬೆರೆತಿರುತ್ತವೆ. ಅಂಥ ಒಬ್ಬ ರೋಗಿಯ ಸ್ನಾಯುಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ, ಮೇಲೆ ಹೇಳಿದ ಎರಡು ಜೀನ್ ಸೇರಿಸಿ, ಪ್ರತಿಯೊಂದರಿಂದಲೂ ಸಂತತಿ ಬೆಳೆಸಿದರು. ಒಂದು ಬಗೆಯಲ್ಲಿ ಡಿ4ಝಡ್4 ತುಣುಕುಗಳು 3, ಇನ್ನೊಂದರಲ್ಲಿ 13. ಮಿಕ್ಕದ್ದೆಲ್ಲ ಒಂದೇ: ಅದೇ ವಯಸ್ಸು, ಅದೇ ಮೈ, ಅದೇ ಅಪ್ಪ ಅಮ್ಮ. ಚಿಕ್ಕ ಸಾಲಿನವುಗಳಲ್ಲಿ ಅಲ್ಲೊಂದು ಇಲ್ಲೊಂದು ಕೋಶಕೇಂದ್ರದಲ್ಲಿ ಡಕ್ಸ್‌4 ದಿಢೀರನೆ ಏಳುವುದು, ಅದು ಎಬ್ಬಿಸುವ ಜೀನ್‌ಗಳು ಚುರುಕಾಗುವುದು ಕಂಡಿತು. ಆ ದಿಢೀರ್ ಏಳುವಿಕೆ ಜಾಗದ್ದೇ ಗುಣ, ರೋಗಿಯ ಮೈಯ ಬೇರೇನೋ ವಿಶೇಷದ್ದಲ್ಲ ಎಂದು ಅಷ್ಟು ಖಚಿತವಾಗಿ ಹೇಳಲು ಬೇರೆ ದಾರಿಯಿರಲಿಲ್ಲ. ಇಂದು ಕ್ರಿಸ್ಪರ್‌ನಿಂದ ಜೀನ್ ತಿದ್ದಿ ಜೋಡಿಗಳನ್ನು ಮಾಡುವ ಕಾಲ; ಆದರೂ ಪ್ರಕೃತಿಯೇ ಮಾಡಿಕೊಟ್ಟ ಈ ಜೋಡಿ ಬಳಕೆಯಲ್ಲಿದೆ.

ಜೋಡಿಯಿದ್ದ ಮಾತ್ರಕ್ಕೆ ಎಲ್ಲ ಸರಿಹೋಗದು. ಒಂದು ಕೋಶದಿಂದ ಬಂದ ಸಂತತಿಗೆ ಅದರದೇ ಹುಚ್ಚಾಟಗಳಿರುತ್ತವೆ. ಹಾಗಾಗಿ ಎರಡೂ ಬಗೆಯಲ್ಲಿ ಹಲವು ಸಂತತಿಗಳನ್ನು ನೋಡಬೇಕು. ಬೆಳೆಸುವ ದ್ರವವೂ ಆಟವಾಡುತ್ತದೆ. ಸ್ನಾಯುಕೋಶಗಳ ದ್ರವಕ್ಕೆ ವಾಡಿಕೆಯಂತೆ ಹಾಕುವ ಡೆಕ್ಸಮೆಥಾಸೋನ್ ಎಂಬ ಸ್ಟಿರಾಯ್ಡ್ ಡಕ್ಸ್‌4 ಅನ್ನು ತಗ್ಗಿಸುತ್ತದೆ ಎಂದು 2015ರಲ್ಲಿ ಗೊತ್ತಾಯಿತು. ಒಂದು ಲ್ಯಾಬು ಅದನ್ನು ಹಾಕಿ, ಇನ್ನೊಂದು ಹಾಕದೆ ಬೆಳೆಸಿ, ನಮ್ಮ ಫಲಿತಾಂಶ ಯಾಕೆ ಹೊಂದುತ್ತಿಲ್ಲ ಎಂದು ತಲೆ ಕೆಡಿಸಿಕೊಂಡರೆ ಏನು ಹೇಳೋಣ! ಇನ್ನು ಹೆಸರು ಒಂದು, ಒಳಗಿನ ಕೋಶ ಇನ್ನೊಂದು ಆಗಿರುವ ಸೆಲ್ ಲೈನ್‌ಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 500ಕ್ಕೂ ಹೆಚ್ಚು ಹೆಸರುಗಳಿವೆ. ಕೋಶಗಳ ಡಿಎನ್‌ಎ ಗುರುತನ್ನು ಆಗಾಗ ಪರೀಕ್ಷಿಸುವುದು ಅದಕ್ಕೇ.

ತಟ್ಟೆಯಲ್ಲಿ ಗೆದ್ದ ಔಷಧ

ಈಗ ನಿರಾಸೆಯ ಕತೆ. ಅಮೆರಿಕದ ಫಲ್ಕ್ರಮ್ ಥೆರಪ್ಯುಟಿಕ್ಸ್ ಕಂಪನಿ ರೋಗಿಗಳ ಕೋಶಗಳಿಂದ ಬೆಳೆಸಿದ ಸ್ನಾಯು ಎಳೆಗಳ ಮೇಲೆ ಹಲವಾರು ರಾಸಾಯನಿಕಗಳನ್ನು ಪರೀಕ್ಷಿಸಿತು. ಪಿ38 ಎಂಬ ಪ್ರೋಟೀನಿನ ಕೆಲಸ ತಡೆದರೆ ಡಕ್ಸ್‌4 ತಗ್ಗುವುದು ಕಂಡಿತು. ಬೇರೆ ಸಂಶೋಧಕರೂ ಅದನ್ನೇ ಕಂಡರು. ಪಿ38 ತಡೆಯುವ ಲೋಸ್ಮಾಪಿಮಾಡ್ ಎಂಬ ಔಷಧ ಆಗಲೇ ಇತ್ತು. ಹೃದಯಾಘಾತದ ರೋಗಿಗಳಲ್ಲಿ ಸುಮಾರು 3,500 ಮಂದಿಯ ಮೇಲೆ ಅದರ ಪ್ರಯೋಗ ನಡೆದು, ಹೃದಯಕ್ಕೆ ಉಪಯೋಗವಿಲ್ಲವೆಂದು 2016ರಲ್ಲಿ ತಿಳಿದಿದ್ದರೂ, ಮನುಷ್ಯರು ತಾಳಿಕೊಳ್ಳಬಲ್ಲ ಔಷಧವೆಂಬುದು ಸ್ಪಷ್ಟವಾಗಿತ್ತು. ಎಫ್‌ಎಸ್‌ಎಚ್‌ಡಿಯ 80 ಮಂದಿಗೆ 48 ವಾರ ಕೊಟ್ಟು ನೋಡಿದ ಎರಡನೇ ಹಂತದಲ್ಲಿ ಮುಖ್ಯ ಅಳತೆಗೋಲು, ಅಂದರೆ ಸ್ನಾಯುವಿನ ಚೂರಿನಲ್ಲಿ ಡಕ್ಸ್‌4 ಎಬ್ಬಿಸುವ ಜೀನ್‌ಗಳು ತಗ್ಗುವುದು, ಕಾಣಲಿಲ್ಲ. ತೋಳು ಎಷ್ಟು ದೂರ ಚಾಚುತ್ತದೆ ಎಂಬಂಥ ಬೇರೆ ಕೆಲವು ಅಳತೆಗಳಲ್ಲಿ ಒಳ್ಳೆಯದಾದಂತೆ ತೋರಿತು. ಅದನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಂಡು 260 ಮಂದಿಯ ಮೂರನೇ ಹಂತ ನಡೆಯಿತು. ಸೆಪ್ಟೆಂಬರ್ 2024ರಲ್ಲಿ ಫಲಿತಾಂಶ ಬಂದಾಗ ಔಷಧ ತೆಗೆದುಕೊಂಡವರಿಗೂ ಹುಸಿಮಾತ್ರೆ ತೆಗೆದುಕೊಂಡವರಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಕಂಪನಿ ಆ ಕೆಲಸ ನಿಲ್ಲಿಸಿತು.

ಹಾಗಾದರೆ ಸೆಲ್ ಲೈನ್ ಸುಳ್ಳು ಹೇಳಿತೇ? ತಟ್ಟೆಯ ಮಾತು ನಂಬಿ ಹಣ, ಸಮಯ, ನೂರಾರು ರೋಗಿಗಳ ಆಸೆ ಎಲ್ಲ ಹಾಳಾಯಿತು ಎನ್ನುವವರಿದ್ದಾರೆ. ಅವರ ನೋವು ನಿಜ, ತೀರ್ಮಾನ ಸರಿಯಲ್ಲ. ಪಿ38 ತಡೆದರೆ ಈ ಕೋಶಗಳಲ್ಲಿ, ಈ ಕೆಲವು ದಿನಗಳಲ್ಲಿ ಡಕ್ಸ್‌4 ತಗ್ಗುತ್ತದೆ ಎಂದಷ್ಟೇ ಕೋಶಗಳು ಹೇಳಿದ್ದವು. ಹಲವು ಲ್ಯಾಬುಗಳಲ್ಲಿ ನಿಂತ ಮಾತು ಅದು. ಹತ್ತಾರು ವರ್ಷಗಳಲ್ಲಿ ನಿಧಾನವಾಗಿ ಸೊರಗಿ, ಜಾಗಜಾಗದಲ್ಲಿ ಕೊಬ್ಬು ತುಂಬಿಕೊಂಡ ಸ್ನಾಯು ಒಂದು ವರ್ಷದಲ್ಲಿ ಸುಧಾರಿಸುತ್ತದೆಯೇ ಎಂಬ ಪ್ರಶ್ನೆಯನ್ನು ಅವುಗಳಿಗೆ ಯಾರೂ ಕೇಳಿರಲಿಲ್ಲ, ಕೇಳಿದ್ದರೂ ಉತ್ತರ ಅವುಗಳಲ್ಲಿ ಇರಲಿಲ್ಲ. ತಟ್ಟೆಯಲ್ಲಿ ನರವಿಲ್ಲ, ರಕ್ತವಿಲ್ಲ, ರೋಗನಿರೋಧಕ ಕೋಶಗಳಿಲ್ಲ, ನಡೆದು ದಣಿಯುವ ಕಾಲಿಲ್ಲ. ಎಳೆಗಳು ಹೆಚ್ಚು ದಿನ ತಳಕ್ಕೆ ಅಂಟಿಕೊಂಡೂ ಇರುವುದಿಲ್ಲ. ಮೈಯಲ್ಲಿ ಅಳೆಯುವುದಂತೂ ಇನ್ನೂ ಕಷ್ಟ: ಸಾವಿರಕ್ಕೊಂದು ಕೋಶದಲ್ಲಿ, ಕೆಲವು ಹೊತ್ತು ಮಾತ್ರ ಏಳುವ ಜೀನ್ ಅನ್ನು ಸೂಜಿಯ ತುದಿಯಲ್ಲಿ ಬಂದ ಚೂರಿನಲ್ಲಿ ಹುಡುಕಬೇಕು. ಮೊದಲ ಸಲದ ಚೂರು, ಎರಡನೇ ಸಲದ್ದು, ಎರಡರ ನಡುವಿನ ಏರುಪೇರೇ ವಿಪರೀತ. ಜೋಡಿಯ ಮಾತು ಇಲ್ಲೂ ಬರುತ್ತದೆ. ತಟ್ಟೆಯಲ್ಲಿ ಸಿಕ್ಕಂಥ ನಂಬಿಕೆಯ ಜೋಡಿ ರೋಗಿಯ ಮೈಯಲ್ಲಿ ಸಿಕ್ಕಿರಲಿಲ್ಲ.

ಎರಡನೇ ಹಂತದ ಜೀನ್ ಅಳತೆ ಕೈಕೊಟ್ಟಾಗಲೇ ಸ್ವಲ್ಪ ನಿಲ್ಲಬೇಕಿತ್ತಲ್ಲವೇ ಎಂದು ಈಗ ಕೇಳುವುದು ಸುಲಭ. ಔಷಧವೇ ಇಲ್ಲದ ಕಾಯಿಲೆಯಲ್ಲಿ, ತೋಳು ಸ್ವಲ್ಪ ಹೆಚ್ಚು ಚಾಚಿದಂತೆ ಕಂಡಾಗ ಬಿಟ್ಟುಬಿಡಿ ಎಂದು ಹೇಳುವವರಾರು? ಡಕ್ಸ್‌4 ಸಂದೇಶವನ್ನೇ ನೇರವಾಗಿ ಕತ್ತರಿಸುವ ಆರ್‌ಎನ್‌ಎ ಔಷಧಗಳ ಸರದಿ ಈಗ ಬಂದಿದೆ. ಅವುಗಳಲ್ಲಿ ಒಂದು ರೋಗಿಗಳಲ್ಲಿ ಡಕ್ಸ್‌4 ಎಬ್ಬಿಸುವ ಜೀನ್‌ಗಳನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತೆಂದು 2024ರಲ್ಲಿ ಆರಂಭಿಕ ವರದಿ ಬಂತು. ಭರವಸೆಯ ಸುದ್ದಿಯೇ, ಆದರೆ ಚಿಕ್ಕ ಗುಂಪಿನದು. ತೋಳಿನ ಬಲ ಉಳಿಯುತ್ತದೆಯೇ ಎಂಬುದು ದೊಡ್ಡ ಪ್ರಯೋಗಗಳಲ್ಲೇ ತಿಳಿಯಬೇಕು.

ನಮ್ಮ ಮನೆಗಳ ಕೋಶ

ಮೇಲೆ ಹೇಳಿದ ಪ್ರಸಿದ್ಧ ಸಂಗ್ರಹಗಳೆಲ್ಲ ಹುಟ್ಟಿದ್ದು ಅಮೆರಿಕ, ನೆದರ್ಲೆಂಡ್ಸ್, ಫ್ರಾನ್ಸ್‌ಗಳಲ್ಲಿ. ಡಕ್ಸ್‌4 ಎಲ್ಲರಲ್ಲೂ ಒಂದೇ ಥರ ಕೋಶವನ್ನು ಕೊಲ್ಲುತ್ತದೆ, ಭಾರತೀಯರ ಕೋಶವೇ ಯಾಕೆ ಬೇಕು ಎಂದು ಕೇಳಬಹುದು. ಔಷಧ ಹುಡುಕುವ ಮೊದಲ ಹಂತಕ್ಕೆ ಬೇಕಿಲ್ಲ ಎಂಬುದನ್ನು ಒಪ್ಪೋಣ. ಆದರೆ ಒಂದೇ ದೋಷವಿದ್ದೂ ಒಬ್ಬರಿಗೆ ತೀವ್ರ, ಇನ್ನೊಬ್ಬರಿಗೆ ಸೌಮ್ಯ ಆಗುವುದು ಹೇಗೆ ಎಂಬ ಪ್ರಶ್ನೆ ಉಳಿದ ಜೀನ್‌ಗಳ ಹಿನ್ನೆಲೆಗೆ ಸಂಬಂಧಪಟ್ಟದ್ದು. ಆ ಹಿನ್ನೆಲೆ ಇಲ್ಲಿ ಬೇರೆ. ನಮ್ಮಲ್ಲಿ ಮೂಲಸೌಕರ್ಯ ಇಲ್ಲವೆಂದೂ ಅಲ್ಲ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ದೇಶದ ಕೋಶ ಭಂಡಾರವಿದೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಸ್ನಾಯುಕ್ಷಯದ ರೋಗಿಗಳು ದೂರದೂರದಿಂದ ಬರುತ್ತಾರೆ.

ಕೋಶ ಕೊಟ್ಟವರ ಹಕ್ಕಿನ ವಿಷಯದಲ್ಲಿ ಇತಿಹಾಸ ಕಹಿಯಾಗಿದೆ. ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಅವರ ಗೆಡ್ಡೆಯಿಂದ 1951ರಲ್ಲಿ ತೆಗೆದ ಹೀಲಾ ಕೋಶಗಳು ಜಗತ್ತನ್ನೆಲ್ಲ ಸುತ್ತಿದವು; ಅವರನ್ನು ಯಾರೂ ಕೇಳಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಗಳ ಪ್ರಕಾರ ಇಂದು ನಮ್ಮಲ್ಲಿ ತಿಳಿವಳಿಕೆಯ ಒಪ್ಪಿಗೆ ಪಡೆಯದೆ ಇಂಥ ಕೆಲಸ ಮಾಡುವಂತಿಲ್ಲ. ಸಾವಿಲ್ಲದ ಸೆಲ್ ಲೈನಿಗೆ ಒಪ್ಪಿಗೆ ಎಂದರೆ ತಾನು ಸತ್ತ ಮೇಲೂ ತನ್ನ ಕೋಶ ಯಾವುದೋ ದೇಶದಲ್ಲಿ ಬೆಳೆಯಲಿ ಎಂಬ ಒಪ್ಪಿಗೆ. ಜೋಡಿಯ ಲೆಕ್ಕದಲ್ಲಿ ಇನ್ನೊಂದು ಇಕ್ಕಟ್ಟಿದೆ: ಕಾಯಿಲೆಯಿಲ್ಲದ ಅಣ್ಣನನ್ನೋ ಅಕ್ಕನನ್ನೋ, ಅವರಿಗೆ ಯಾವ ಲಾಭವೂ ಇಲ್ಲದ ನೋವಿಗೆ ಒಡ್ಡಬೇಕು. ಜೊತೆಗೆ ಪರೀಕ್ಷೆಯಲ್ಲಿ ಅವರಲ್ಲೂ ದೋಷ ಅಡಗಿದೆ ಎಂದು ತಿಳಿದುಬಿಡಬಹುದು. ಮದುವೆಗೆ ಬಂದ ಹುಡುಗಿಯಿರುವ ಮನೆಯಲ್ಲಿ ಅದೇನು ಸಣ್ಣ ಮಾತಲ್ಲ. ಫಲಿತಾಂಶ ತಿಳಿಯುವುದೋ ಬೇಡವೋ ಎಂಬ ಆಯ್ಕೆ ಅವರದಾಗಿರಬೇಕು, ಅದನ್ನು ಮೊದಲೇ ಬರೆದಿಡಬೇಕು.

ಇನ್ನೊಂದು ಸಂಗತಿ ಕಾಲದ್ದು. ಸಾಮಾನ್ಯವಾಗಿ ಮಾಡುವ ಎಕ್ಸೋಮ್ ಜೀನ್ ಪರೀಕ್ಷೆಗೆ ಡಿ4ಝಡ್4 ಸಾಲಿನ ಉದ್ದ ಎಣಿಸಲು ಬರುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಆ ಪರೀಕ್ಷೆ ಎಲ್ಲಿ ಸಿಗುತ್ತದೋ ಅಲ್ಲಿ ರಕ್ತದಿಂದಲೇ ಕಾಯಿಲೆ ಖಚಿತವಾಗುತ್ತದೆ, ಸ್ನಾಯು ಕತ್ತರಿಸುವ ಅಗತ್ಯವೇ ಬೀಳುವುದಿಲ್ಲ. ರೋಗಿಗೆ ಇದರಿಂದ ಒಂದು ನೋವು ತಪ್ಪಿತು. ಹಿಂದೆ ರೋಗನಿರ್ಣಯಕ್ಕೆಂದು ತೆಗೆದ ಚೂರಿನಲ್ಲಿ ಉಳಿದದ್ದು ಲ್ಯಾಬಿಗೆ ಹೋಗುತ್ತಿತ್ತು. ಇನ್ನು ಮೇಲೆ ಸ್ನಾಯುವಿನ ಚೂರು ಬೇಕೆಂದರೆ ಸಂಶೋಧನೆಗೆಂದೇ, ರೋಗಿಯನ್ನೂ ಜೊತೆಗೆ ಬಂದ ಒಡಹುಟ್ಟಿದವರನ್ನೂ ಕೂರಿಸಿಕೊಂಡು, ಅವರ ಭಾಷೆಯಲ್ಲಿ ವಿವರಿಸಿ ಕೇಳಬೇಕಾಗುತ್ತದೆ.